ಗುಳಿಗೆ ಸಿಕ್ಕರೆ ಮೊದಲು ನಿನಗೇ, ದೋಸ್ತ

ದೋಸ್ತ,

"ಸಾವೇ ಬರದಂಥ ಗುಳಿಗೆ ಬಂತಂದ್ರ ನೀ ತಗೋತೀಯೇನ್ಲೇ?" ಅಂತ ಗ್ರೂಪಿನಲ್ಲಿ ಕೇಳಿದ್ದಿ. ಎಲ್ಲರೂ ನಗುವ ಚಿತ್ರ ಹಾಕಿ ಮುಂದೆ ಹೋದರು. ಹುಬ್ಬಳ್ಳಿಯವನು ಎಂದಿನಂತೆ ಕೋಳಿಯ ಸುದ್ದಿ ತೆಗೆದ. ನಾನೊಬ್ಬ ಏನೂ ಬರೆಯಲಿಲ್ಲ. ಎರಡು ಸಾಲಿನಲ್ಲಿ ಮುಗಿಸುವ ಪ್ರಶ್ನೆ ಇದಲ್ಲ ಅನ್ನಿಸಿತು. ಅದಕ್ಕೇ ಇಲ್ಲಿ, ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಅವರ ಮನೆಯಲ್ಲೂ ಈ ಪ್ರಶ್ನೆ ಯಾವುದೋ ರೂಪದಲ್ಲಿ ಇದ್ದೇ ಇರುತ್ತದೆ, ಅಲ್ವಾ.

ಇದು ಆಗುವ ಮಾತೋ ಅಲ್ಲವೋ, ಮೊದಲು ಅದನ್ನು ನೋಡೋಣ. ಗಟ್ಟಿ ದಾಖಲೆ ಇರುವವರಲ್ಲಿ ಎಲ್ಲರಿಗಿಂತ ಜಾಸ್ತಿ ಬದುಕಿದವರು ಫ್ರಾನ್ಸಿನ ಜೀನ್ ಕಾಲ್ಮಾಂ. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು. 122 ವರ್ಷ. ಆಮೇಲೆ ಆ ಗೆರೆಯನ್ನು ಯಾರೂ ದಾಟಿಲ್ಲ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯುಸ್ಸು 32ರ ಆಸುಪಾಸು ಇತ್ತು, ಈಗ 70ರ ಹತ್ತಿರ ಬಂದಿದೆ. ಹಾಗಂತ ಆಗ ಎಲ್ಲರೂ 32ಕ್ಕೆ ಸಾಯುತ್ತಿರಲಿಲ್ಲ. ಕೂಸುಗಳು ಸಾಯುತ್ತಿದ್ದವು, ಬಾಣಂತಿಯರು ಸಾಯುತ್ತಿದ್ದರು. ಲಸಿಕೆ ಬಂತು, ಔಷಧ ಬಂತು, ನಳದ ನೀರು ಬಂತು. ಮುಪ್ಪಿನ ಬಾಗಿಲ ತನಕ ಹೋಗುವವರು ಜಾಸ್ತಿಯಾದರು. ಆ ಬಾಗಿಲು ಮಾತ್ರ ಇದ್ದಲ್ಲೇ ಇದೆ.

ಬೆಂಜಮಿನ್ ಗೊಂಪರ್ಟ್ಸ್ ಅನ್ನುವ ಇಂಗ್ಲೆಂಡಿನ ಲೆಕ್ಕಿಗನೊಬ್ಬ 1825ರಲ್ಲೇ ಒಂದು ಮಾತು ಹೇಳಿದ್ದ. ಪ್ರಾಯ ದಾಟಿದ ಮೇಲೆ ಸಾಯುವ ಅಪಾಯ ಒಂದೇ ಗತಿಯಲ್ಲಿ ಪಟ್ಟು ಹೆಚ್ಚುತ್ತಾ ಹೋಗುತ್ತದೆ ಅಂತ. ಈಗಿನ ಲೆಕ್ಕಕ್ಕೆ ಸುಮಾರು ಎಂಟು ವರ್ಷಕ್ಕೊಮ್ಮೆ ಎರಡು ಪಟ್ಟು. ಇದನ್ನು ಓದಿದ ದಿನ ನಾನು ನಮ್ಮಿಬ್ಬರ ವಯಸ್ಸು ಇಟ್ಟು ಲೆಕ್ಕ ಮಾಡಿದೆ. ಮಾಡಬಾರದಿತ್ತು ಅಂತ ಅನ್ನಿಸಲಿಲ್ಲ. ಗೊತ್ತಿರಲಿ ಅನ್ನಿಸಿತು.

ಒಳಗೆ ನಡೆಯುವುದೇನು? 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದರು: ನಮ್ಮ ಮೈಯ ಸಾಮಾನ್ಯ ಜೀವಕೋಶವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಸುಮಾರು 50 ಸಲ ಒಡೆದು ಎರಡಾಗುತ್ತದೆ, ಆಮೇಲೆ ನಿಲ್ಲುತ್ತದೆ. ಕೋಶದೊಳಗೆ ಜೀನುಗಳನ್ನು ಹೊತ್ತ ಎಳೆಗಳಿರುತ್ತವೆ, ಕ್ರೋಮೋಸೋಮ್ ಅಂತ. ಅದರ ತುದಿಯನ್ನು ಕಾಯುವ ತುಣುಕೇ ಟೆಲೊಮಿಯರ್. ಕೋಶ ಒಡೆದಾಗ ಪ್ರತಿ ಸಲ ಅದು ಸವೆಯುತ್ತದೆ. ಟೆಲೊಮಿಯರ್ ಹೇಗೆ ಕೆಲಸ ಮಾಡುತ್ತದೆ ಅಂತ ಕಂಡುಹಿಡಿದ ಮೂವರಿಗೆ 2009ರಲ್ಲಿ ನೊಬೆಲ್ ಬಂತು. ಹಾಗಾದರೆ ಸವೆಯದಂತೆ ಮಾಡಿದರೆ ಆಯಿತಲ್ಲ ಅಂತ ನೀನು ಕೇಳುತ್ತಿ. ಸವೆಯದಂತೆ ಮಾಡಿಕೊಂಡ ಕೋಶಗಳು ಈಗಾಗಲೇ ಇವೆ. ಕ್ಯಾನ್ಸರ್ ಕೋಶಗಳು. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಹೆಣ್ಣುಮಗಳು 1951ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ವಯಸ್ಸು ಬರೀ 31. ಅವಳ ಗಡ್ಡೆಯಿಂದ ತೆಗೆದ ಕೋಶಗಳು ಇವತ್ತಿಗೂ ಲೋಕದ ತುಂಬ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ತೆಗೆಯುವಾಗ ಅವಳನ್ನು ಯಾರೂ ಕೇಳಿರಲಿಲ್ಲ. ಅವಳನ್ನು ಕೊಂದದ್ದೇ ಸಾಯದೆ ಉಳಿಯಿತು. ನನಗೆ ಈ ವಿಷಯದಲ್ಲಿ ಇದಕ್ಕಿಂತ ಸಂಕಟದ ಸಂಗತಿ ಬೇರೆ ಗೊತ್ತಿಲ್ಲ.

ಆಸೆ ಹುಟ್ಟಿಸುವ ಕೆಲಸವೂ ನಡೆದಿದೆ. 1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ ಒಂದು ಸಣ್ಣ ಹುಳದ ಒಂದೇ ಜೀನ್ ಬದಲಾದರೆ ಅದರ ಆಯುಸ್ಸು ಎರಡು ಪಟ್ಟಾಗುತ್ತದೆ ಅಂತ ತೋರಿಸಿತು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ಬೆಳೆದ ಇಲಿಯ ಕೋಶವನ್ನು ಮತ್ತೆ ಭ್ರೂಣದ ಕೋಶದಂಥ ಸ್ಥಿತಿಗೆ ತಂದರು. ಹೀಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಮುಪ್ಪು ಇನ್ನಷ್ಟು ತಡವಾಗಿ ಬರುವ ಹಾಗೆ ಮಾಡಬಹುದು. ಸಾವೇ ಇಲ್ಲದ ಹಾಗೆ ಮಾಡಲಾಗದು. ಮುಪ್ಪು ಪೂರ್ತಿ ನಿಂತಿತು, ವರ್ಷಕ್ಕೆ ಸಾವಿರದಲ್ಲಿ ಒಬ್ಬ ಮಾತ್ರ ಸಾಯುತ್ತಾನೆ ಅಂತಿಟ್ಟುಕೋ. ಆಗಲೂ ಸರಾಸರಿ ಬಾಳು ಸಾವಿರ ವರ್ಷ, ಅಷ್ಟೇ. ಸೊಲ್ಲಾಪುರ ರಸ್ತೆಯ ಲಾರಿಗಳು ಯಾವ ಗುಳಿಗೆಗೂ ಹೆದರುವುದಿಲ್ಲ.

ಆದರೂ ಸಾವಿರ ವರ್ಷ! ಬೇಡ ಅನ್ನಲು ಯಾರಿಗೆ ಮನಸ್ಸಾದೀತು?

ಇಲ್ಲಿ ನಮ್ಮ ಆಯಿ ನೆನಪಾಗುತ್ತಾಳೆ. ನಿನಗೆ ಶೇಂಗಾ ಹೋಳಿಗೆ ಕಟ್ಟಿಕೊಡುತ್ತಿದ್ದಳಲ್ಲ, ಅವಳು ತೊಂಬತ್ತು ದಾಟಿದ ಮೇಲೂ ಗಟ್ಟಿಯಾಗೇ ಇದ್ದಳು. ರೊಟ್ಟಿ ಹಾಲಲ್ಲಿ ನೆನೆಸಿ ತಿನ್ನುತ್ತಿದ್ದಳು, ಬಿಸಿಲಿಗೆ ಕೂತು ಕುಸುಬಿ ಹಸನು ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಸುಮ್ನೆ ಅಂದಳು: "ನನ್ನ ಗಂಗೀ ಅಂತ ಕರ್ಯಾವ್ರು ಒಬ್ರೂ ಉಳೀಲಿಲ್ಲ ನೋಡು." ಅವಳಿಗೆ ನೋವಿರಲಿಲ್ಲ, ಬಡತನ ಇರಲಿಲ್ಲ, ಮೊಮ್ಮಕ್ಕಳು ಮನೆ ತುಂಬ ಇದ್ದೆವು. ನಮಗೆಲ್ಲ ಅವಳು ಆಯಿ. ಓಣಿಯವರಿಗೆ ಅಮ್ಮಾರು. ಬಾವಿಗೆ ಹಾರಿ ಈಜಿದ ಗಂಗಿಯನ್ನು ಕಂಡವರು ಯಾರೂ ಇರಲಿಲ್ಲ. ಗುಳಿಗೆ ಅವಳೊಬ್ಬಳಿಗೇ ಕೊಟ್ಟಿದ್ದರೆ ಆ ಮಧ್ಯಾಹ್ನ ಮುಗಿಯುತ್ತಲೇ ಇರಲಿಲ್ಲ.

ಎಲ್ಲರಿಗೂ ಕೊಡೋಣ ಅಂದರೆ ಬೇರೆ ತೊಡಕು. ನಮ್ಮೂರಲ್ಲಿ ಅಜ್ಜ ಹೋಗಿ ಎಷ್ಟೋ ವರ್ಷವಾದರೂ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವನ ಹೆಸರೇ ಇರುವ ಹೊಲಗಳು ಬೇಕಾದಷ್ಟಿವೆ. ಅಜ್ಜ ಹೋಗಲೇ ಇಲ್ಲ ಅಂದರೆ? ಮೊಮ್ಮಗನ ಮೊಮ್ಮಗನೂ ಲಿಂಬಿ ಗಿಡ ಹಚ್ಚಲೋ ತೊಗರಿ ಬಿತ್ತಲೋ ಅಂತ ಅವನನ್ನೇ ಕೇಳಬೇಕು. ಕುರ್ಚಿ ಹಿಡಿದವರ ಮಾತಂತೂ ಬೇಡ. ಮೇಲಾಗಿ ಎಲ್ಲರಿಗೂ ಅಂತ ಹೇಳಿದ್ದು ಎಲ್ಲರಿಗೂ ತಲುಪುತ್ತದೆಯೇ? ಕಬ್ಬು ಕಡಿಯಲು ತಾಂಡಾ ಬಿಟ್ಟು ಹೋಗುವವರಿಗೆ ಇವತ್ತು ಬಿಪಿ ಗುಳಿಗೆಯೇ ಸರಿಯಾಗಿ ಸಿಗುತ್ತಿಲ್ಲ. ದುಡ್ಡಿದ್ದವರು ಸಾಯದೆ, ಇವರು ಮಾತ್ರ ಸಾಯುವ ಲೋಕವನ್ನು ನಾನು ಒಪ್ಪಲಾರೆ.

ನಮ್ಮ ವಿಜಯಪುರದಲ್ಲಿ ಕೂತು ಇದನ್ನೆಲ್ಲ ಯೋಚಿಸುವುದು ಬೇರೆ ಥರ. ಮಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡ, ಗೋಳಗುಮ್ಮಟದ ಕೆಳಗೆ ಮಲಗಿದ್ದಾನೆ. ಅವನ ಮಗ ಎರಡನೆಯ ಅಲಿ ಅದಕ್ಕಿಂತ ದೊಡ್ಡದು ಕಟ್ಟಲು ಹೊರಟ. 1672ರಲ್ಲಿ ಅವನೂ ಹೋದ, ಬಾರಾಕಮಾನ್ ಬರೀ ಕಮಾನುಗಳಲ್ಲೇ ನಿಂತಿತು. 1686ರಲ್ಲಿ ಔರಂಗಜೇಬ ಬಂದ, ರಾಜ್ಯವೇ ಮುಗಿಯಿತು. ಗುಮ್ಮಟದ ಗ್ಯಾಲರಿಯಲ್ಲಿ ನಿಂತು ನೀನು ಆ ಹೆಸರು ಕೂಗಿದ್ದು, ಕಾವಲುಗಾರ ಓಡಿಬಂದದ್ದು ಇಲ್ಲಿ ಬರೆಯುವುದಿಲ್ಲ, ಹೆದರಬೇಡ.

ಇದೇ ಊರಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಹೋದರು. ಅಂಗಿಗೆ ಕಿಸೆಯೇ ಇಲ್ಲದವರು. ದೇಹವನ್ನು ಮಣ್ಣು ಮಾಡಬೇಡಿ, ಸುಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು. ಲಕ್ಷಗಟ್ಟಲೆ ಜನ ಬಂದರು. ಆ ಚಳಿಯಲ್ಲಿ ನಾನೂ ಸಾಲಿನಲ್ಲಿ ನಿಂತಿದ್ದೆ. ಸಾವೆಂದರೆ ಇಷ್ಟೇ, ಹೆದರುವಂಥದ್ದೇನಿಲ್ಲ ಅಂತ ಅವತ್ತು ನಿಜವಾಗಿ ಅನ್ನಿಸಿತು. ಆ ಸಮಾಧಾನ ಬಹಳ ದಿನ ನನ್ನ ಜೊತೆ ಇತ್ತು.

ಆಮೇಲೆ ಒಂದು ರಾತ್ರಿ ವೈನಿಯವರ ಫೋನು ಬಂತು. ನಿನ್ನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಎದೆನೋವು, ಬೆಳಿಗ್ಗೆ ಸ್ಟೆಂಟ್ ಹಾಕುತ್ತಾರೆ ಅಂದರು. ಗುರುಗಳು ಕಲಿಸಿದ್ದು ಒಂದೂ ಕೈಗೆ ಬರಲಿಲ್ಲ ಕಣೋ. ಅಂಗಳಕ್ಕೆ ಬಂದು ನಿಂತೆ. ಇವನು ಹೋದರೆ ನನ್ನನ್ನು "ಲೇ" ಅನ್ನುವವರು ಯಾರು ಅಂತ ಮೊದಲು ಅನ್ನಿಸಿತು. ನಿನ್ನ ಮಕ್ಕಳ ನೆನಪು ಬಂದದ್ದು ಆಮೇಲೆ. ನಮ್ಮಪ್ಪ ತೀರಿಕೊಂಡ ದಿನ ನಾನು ಬಾವಿ ಕಟ್ಟೆಯ ಮೇಲೆ ಏನು ಹೇಳಿದೆ ಅನ್ನೋದು ನಿನಗೊಬ್ಬನಿಗೇ ಗೊತ್ತು. ಅದನ್ನು ಇನ್ನೊಬ್ಬರಿಗೆ ಮೊದಲಿಂದ ಹೇಳುವಷ್ಟು ವರ್ಷ ನನ್ನಲ್ಲಿ ಉಳಿದಿಲ್ಲ. ಸಾವಿರ ವರ್ಷ ಕೊಟ್ಟರೂ ಹೇಳಲಾರೆ.

ಇನ್ನೊಂದು ಇದೆ. ದಿನಾ ಬೆಳಿಗ್ಗೆ ನೀನು ಹೂವಿನ ಚಿತ್ರ ಹಾಕಿ ಶುಭೋದಯ ಕಳಿಸುತ್ತೀಯಲ್ಲ, ಮೊದಲೆಲ್ಲ ನೋಡದೆ ಅಳಿಸುತ್ತಿದ್ದೆ. ಈಗ ಅದು ಬರುವ ತನಕ ಚಹಾ ಕುಡಿಯುವುದಿಲ್ಲ. ತಡವಾದರೆ ವಾಟ್ಸಾಪಿನಲ್ಲಿ ನೀನು ಕೊನೆಗೆ ಎಷ್ಟೊತ್ತಿಗೆ ಬಂದಿದ್ದಿ ಅಂತ ನೋಡುತ್ತೇನೆ. ಇಂಥದ್ದನ್ನು ಎದುರಿಗೆ ಹೇಳುವ ಅಭ್ಯಾಸ ನಮ್ಮಲ್ಲಿಲ್ಲ.

ಹೀಗಾಗಿ ನಿನ್ನ ಪ್ರಶ್ನೆಗೆ ಉತ್ತರ: ನನಗೊಬ್ಬನಿಗೇ ಆದರೆ ಬೇಡ. ಒಂದೇ ಗುಳಿಗೆ ಇದ್ದರೆ ಅದನ್ನು ನಿನಗೆ ಕೊಡುತ್ತೇನೆ. ಉತಾರದ ಮಾತು, ತಾಂಡಾದ ಮಾತು ಎಲ್ಲ ಗೊತ್ತಿದ್ದೂ ಕೊಡುತ್ತೇನೆ. ಅದು ನ್ಯಾಯವಲ್ಲ ಅಂತ ಮೇಲೆ ನಾನೇ ಬರೆದಿದ್ದೇನೆ. ಎರಡೂ ನಿಜ. ಹೊಂದಿಸಲು ನನ್ನಿಂದ ಆಗುತ್ತಿಲ್ಲ.

ಸಾಕು. ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಗುಡಿಯ ಜಾತ್ರೆಗೆ ಬಾ. ಸಜ್ಜಿ ರೊಟ್ಟಿ, ಮಾದಲಿ ಮಾಡಿಸುತ್ತೇನೆ. ಮಿರ್ಚಿ ಭಜಿ ಕೇಳಬೇಡ, ವೈನಿ ಫೋನಿನಲ್ಲಿ ಮೊದಲೇ ತಾಕೀತು ಮಾಡಿದ್ದಾರೆ. ಗುಮ್ಮಟ ಹತ್ತಬಹುದೋ ಇಲ್ಲವೋ ಡಾಕ್ಟರನ್ನು ಕೇಳಿಕೊಂಡು ಬಾ, ಆ ಮೆಟ್ಟಿಲು ಬಹಳ ಕಡಿದು. ಬೇಡ ಅಂದರೆ ಕೆಳಗೆ ಹುಲ್ಲಿನ ಮೇಲೆ ಕೂತು ಚುರಮರಿ ತಿನ್ನೋಣ, ಮಕ್ಕಳು ಮೇಲೆ ಹೋಗಿ ಕೂಗಲಿ. ಹಳದಿ ಛತ್ರಿ ಮಾತ್ರ ತರಬೇಡ. ಅದನ್ನು ಬಸ್ ಸ್ಟ್ಯಾಂಡಿನವರು ಇನ್ನೂ ಮರೆತಿಲ್ಲ.

ನಿನ್ನ,
ಮಾಸ್ತರ