ಬಿಳಿ ಕುದುರೆಯ ಕಪ್ಪು ಗಂಟು ಅಂಟುರೋಗವಲ್ಲ

ಸಂಪಾದಕರೇ,

ಪಣಂಬೂರು ಬೀಚಿನಲ್ಲಿ ಮಕ್ಕಳನ್ನು ಸವಾರಿ ಮಾಡಿಸುವ ಬಿಳಿ ಕುದುರೆಯೊಂದರ ಬಾಲದಡಿ ಕಪ್ಪು ಗಂಟುಗಳಿವೆ. ಕಳೆದ ಭಾನುವಾರ ಒಂದು ಕುಟುಂಬದವರು ಅದನ್ನು ಕಂಡು ಅಂಟುರೋಗ ಅಂತ ಗಲಾಟೆ ಮಾಡಿದರು. ಮತ್ತೆ ಯಾರೂ ಹತ್ತಲಿಲ್ಲ. ಕುದುರೆ ಹುಡುಗನ ಆ ಸಂಜೆಯ ಸಂಪಾದನೆ ಹೋಯಿತು. ನಾನು ನಿವೃತ್ತ ಪಶುವೈದ್ಯ. ಇದು ಯಾರಿಗೂ ಅಂಟುವುದಿಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ.

ಆ ಕುದುರೆಯ ಮೂತಿ, ಕಣ್ಣಿನ ಸುತ್ತ ನೋಡಿ. ಚರ್ಮ ಕಪ್ಪು. ಇಂಥವು ಹುಟ್ಟುವಾಗ ಕಪ್ಪೋ ಕಂದೋ ಇರುತ್ತವೆ, ಆಮೇಲೆ ಕೂದಲು ನರೆಯುತ್ತದೆ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಲಿಪಿಜಾನರ್ ಕುದುರೆಗಳೂ ಹೀಗೆಯೇ, ಪೂರ್ತಿ ಬೆಳ್ಳಗಾಗಲು 6ರಿಂದ 10 ವರ್ಷ ಬೇಕು. ಅಪರೂಪಕ್ಕೊಂದು ಕಂದಾಗಿಯೇ ಉಳಿಯುತ್ತದೆ. ಅದು ಶುಭ ಎಂದು ಅಲ್ಲಿ ಒಂದನ್ನು ಇಟ್ಟುಕೊಳ್ಳುವ ಪದ್ಧತಿಯಿದೆ.

ಈ ನರೆಗೂ ಗಂಟಿಗೂ ಕಾರಣ ಒಂದೇ ವಂಶವಾಹಿ (ಜೀನ್), ಎಸ್‌ಟಿಎಕ್ಸ್17. ಅದರಲ್ಲಿ ಸುಮಾರು 4,600 ಅಕ್ಷರಗಳ ಡಿಎನ್‌ಎ ತುಂಡೊಂದು ಮತ್ತೆ ಮತ್ತೆ ಬಂದಿರುತ್ತದೆ. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಇದನ್ನು ಕಂಡುಹಿಡಿದರು. 2024ರಲ್ಲಿ ಇನ್ನೂ ಸ್ಪಷ್ಟವಾಯಿತು: ತುಂಡು ಎರಡು ಸಲ ಇದ್ದರೆ ನಿಧಾನವಾಗಿ ನರೆಯುತ್ತದೆ, ಮೂರು ಸಲ ಇದ್ದರೆ ಬೇಗ. ಗಂಟಿನ ಅಪಾಯ ಜಾಸ್ತಿ ಇರುವುದೂ ಬೇಗ ನರೆಯುವವಕ್ಕೇ. ಈ ಬದಲಾವಣೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ ಇನ್ನೂ ಜಾಸ್ತಿ. 15 ವರ್ಷ ದಾಟಿದ ಇಂಥ ಕುದುರೆಗಳಲ್ಲಿ ನೂರಕ್ಕೆ 70-80ರಲ್ಲಿ ಗಂಟು ಕಾಣಿಸುತ್ತದೆ. ಬಿಸಿಲೇ ಬೀಳದ ಬಾಲದಡಿಯಲ್ಲೇ ಹೆಚ್ಚು. ಮೆಲನೋಮಾ ಎಂಬ ಗಡ್ಡೆ ಇದು. ಎಷ್ಟೋ ವರ್ಷ ಸುಮ್ಮನಿರುತ್ತದೆ, ಆದರೆ ಬೆಳೆದರೆ ಸಗಣಿ ಹಾಕಲೂ ಕಷ್ಟ, ಒಳಗೂ ಹರಡಬಹುದು. ಹಾಗಾಗಿ ನಿರ್ಲಕ್ಷ್ಯ ಕೂಡದು.

ಮದುವೆ ಮೆರವಣಿಗೆಗೆ ತರುವ ನುಕ್ರಾ ಕುದುರೆಯ ಕಥೆ ಬೇರೆ. ಅದು ಹುಟ್ಟುವಾಗಲೇ ಬಿಳಿ, ಚರ್ಮ ಗುಲಾಬಿ. ಮಧ್ಯಾಹ್ನದ ಬಿಸಿಲಿಗೆ ಅದರ ಮೂತಿ ಸುಡುತ್ತದೆ, ದಯವಿಟ್ಟು ನೆರಳಲ್ಲಿ ಕಟ್ಟಿ.

ಕುದುರೆ ಸಾಕುವವರಲ್ಲಿ ಒಂದು ಮಾತು. ಗಂಟಿಗೆ ಸುಣ್ಣ ಹಚ್ಚಬೇಡಿ, ದಾರ ಕಟ್ಟಬೇಡಿ, ಸವಾರಿಯ ತಡಿಯ ಪಟ್ಟಿ ಅಲ್ಲಿ ಉಜ್ಜದ ಹಾಗೆ ನೋಡಿಕೊಳ್ಳಿ. ಪಶುಪಾಲನಾ ಇಲಾಖೆಯವರು ಆರು ತಿಂಗಳಿಗೊಮ್ಮೆ ಬೀಚಿಗೆ ಬಂದು ಕುದುರೆಗಳನ್ನು ಪರೀಕ್ಷಿಸಿ, ಗಂಟಿನ ಅಳತೆ ಬರೆದು ಒಂದು ಚೀಟಿ ಕೊಡಲಿ. ಯಾರಾದರೂ ಕೇಳಿದಾಗ ಆ ಹುಡುಗನಿಗೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

– ನಿವೃತ್ತ ಪಶುವೈದ್ಯ, ಸುರತ್ಕಲ್