ಜಾತ್ರೆ ಫೋಟೋ ಹಾಕೂಕೆ ಮುಂಚೆ ಇದೊಂದ್ ಓದಿ

ಎಲ್ಲರಿಗೂ ನಮಸ್ಕಾರ. ಶಿರಸಿ ಜಾತ್ರೆ ಫೋಟೋ ಎಲ್ಲಾ ಚೊಲೋ ಬಂದಿದೆ, ಆದ್ರೆ ತೊಟ್ಲು ಹತ್ರ ತೆಗ್ದಿದ್ರಲ್ಲಿ ಯಾರ್ಯಾರ್ದೋ ಮಕ್ಕಳ ಮುಖ, ಹಿಂದೆ ನಿಂತ ಬೈಕಿನ ನಂಬರು ಎಲ್ಲಾ ಸ್ಪಷ್ಟ ಕಾಣ್ತದೆ, ದಯವಿಟ್ಟು ಹಾಗೇ ಹಾಕ್ಬೇಡಿ.

ಕಂಪ್ಯೂಟರ್ ಇದ್ದವ್ರು ಗಿಂಪ್ ಅಂತ ಫೋಟೋ ತಿದ್ದೂ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಫ್ರೀನೇ. ಅದ್ರಲ್ಲಿ ಫೋಟೋ ಓಪನ್ ಮಾಡಿ ಲೇಯರ್ (ಒಂದ್ರ ಮೇಲೊಂದು ಇಟ್ಟ ಹಾಳೆ ಇದ್ದಂಗೆ) ಡುಪ್ಲಿಕೇಟ್ ಮಾಡಿ, ಮೇಲಿನ ಲೇಯರಿಗೆ ಗಾಸಿಯನ್ ಬ್ಲರ್ ಅನ್ನೂ ಮಸುಕು ಮಾಡೂ ಫಿಲ್ಟರ್ ಕೊಡಿ, ಪೂರ್ತಿ ಮಸುಕಾಗ್ತದೆ, ಹೆದರ್ಬೇಡಿ, ಆ ಲೇಯರಿಗೇ ಕಪ್ಪು ಲೇಯರ್ ಮಾಸ್ಕ್ (ಕಪ್ಪಿದ್ದಲ್ಲಿ ಲೇಯರ್ ಮುಚ್ಚಿ, ಬಿಳಿ ಇದ್ದಲ್ಲಿ ತೋರ್ಸೂ ಪರದೆ) ಹಾಕಿದ್ರೆ ಮೊದ್ಲಿನ ಫೋಟೋನೇ ಕಾಣ್ತದೆ, ಈಗ ಮೆತ್ತನೆ ಅಂಚಿನ ಬ್ರಷ್ ತಗೊಂಡು ಬಿಳಿ ಬಣ್ಣದಲ್ಲಿ ಆ ಮಾಸ್ಕಲ್ಲಿ ಮುಖದ ಮೇಲೆ ಉಜ್ಜಿ, ಅಷ್ಟೇ ಜಾಗ ಬ್ಲರ್ ಆಗ್ತದೆ. ಜಾಸ್ತಿ ಹೋಯ್ತಾ? ಕಪ್ಪಲ್ಲಿ ಉಜ್ಜಿ, ವಾಪಸ್ ಬರ್ತದೆ.

ನಿನ್ನೆ ಬಳೆ ಅಂಗಡಿ ಫೋಟೋಕ್ಕೆ ಹೀಗೇ ಮಾಡ್ದೆ, ಹಸಿರು ಗಾಜಿನ ಬಳೆ ಹೊಳಪು ಹಾಗೇ ಇದೆ, ಹಿಂದಿನ ಹುಡುಗಿ ಗುರ್ತು ಮಾತ್ರ ಸಿಗೂದಿಲ್ಲ, ನೋಡಿ ಖುಷಿ ಆಯ್ತು.

ನಂಬರಿಗೆ ತೆಳು ಬ್ಲರ್ ಸಾಲೂದಿಲ್ಲ, ಅಂದಾಜಲ್ಲಿ ಓದ್ಬಹುದು, ಮಾಸ್ಕಲ್ಲಲ್ಲ, ಅಡಿ ಫೋಟೋ ಲೇಯರಲ್ಲೇ ಅದ್ರ ಮೇಲೆ ಕಪ್ಪು ಬಣ್ಣ ಬಳಿದುಬಿಡಿ. ಕಳ್ಸೂದು ಎಕ್ಸ್‌ಪೋರ್ಟ್ ಮಾಡಿದ ಜೆಪಿಜಿ ಮಾತ್ರ, ಗಿಂಪಿಂದೇ ಆದ ಎಕ್ಸ್‌ಸಿಎಫ್ ಫೈಲ್ ಕಳ್ಸಿದ್ರೆ ಲೇಯರೆಲ್ಲಾ ಅದ್ರಲ್ಲೇ ಉಳೀತದೆ, ಅಡಿ ಲೇಯರಲ್ಲಿ ಮುಖ ಹಾಗೇ ಇರ್ತದೆ. ಆಗ್ದಿದ್ರೆ ನಂಗೆ ಕಳ್ಸಿ, ಮಾಡ್ಕೊಡ್ತೇನೆ.