15 ಪಟ್ಟು ಹೀರುತ್ತದೆ ಸರಿ, ಯಾವುದನ್ನು?

ಮಾನ್ಯ ಸಂಪಾದಕರೇ,

ಚೆಲ್ಲಿದ ಥಿನ್ನರ್, ಎಣ್ಣೆ ಹೀರುವ ಅಕ್ರಿಲಿಕ್ ಮಣಿಗಳ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. 'ತನ್ನ ತೂಕದ 15 ಪಟ್ಟು ಹೀರುತ್ತದೆ' ಅಂತ ಇತ್ತು. ಯಾವುದನ್ನು ಅಂತ ಮಾತ್ರ ಇರಲಿಲ್ಲ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇಂಥ ಮಣಿ ಮಾಡಿ ಒದ್ದಾಡಿದವನು ನಾನು, ಅದಕ್ಕೇ ಈ ಪತ್ರ.

ಮಗುವಿನ ಡೈಪರ್‌ನಲ್ಲಿರುವುದೂ ಅಕ್ರಿಲಿಕ್ ಜಾತಿಯದೇ, ಆದರೆ ಅದು ನೀರು ಹೀರುತ್ತದೆ. ಎಣ್ಣೆ ಹೀರಬೇಕಾದರೆ ಲಾರಿಲ್ ಮೆಥಾಕ್ರಿಲೇಟ್‌ನಂಥ, ನೀರಿಗೆ ಸೇರದ ಉದ್ದ ಬಾಲದ ಮಾನೊಮರ್ (ಒಂದಕ್ಕೊಂದು ಸೇರಿ ಪ್ಲಾಸ್ಟಿಕ್ ಎಳೆಯಾಗುವ ಚಿಕ್ಕ ಅಣು) ಬೇಕು. ಜೊತೆಗೆ ಬ್ಯುಟೈಲ್ ಅಕ್ರಿಲೇಟ್, ಮತ್ತೆ ಎಳೆಗಳಿಗೆ ಗಂಟು ಹಾಕಲು ಚೂರೇ ಚೂರು ಡೈವಿನೈಲ್ ಬೆಂಜೀನ್. ಗಂಟು ಕಮ್ಮಿಯಾದರೆ ಮಣಿ ಲೋಳೆಯಾಗುತ್ತದೆ, ಜಾಸ್ತಿಯಾದರೆ ಉಬ್ಬುವುದೇ ಇಲ್ಲ. ಇದನ್ನೆಲ್ಲ, ಹನಿಗಳು ಒಂದಕ್ಕೊಂದು ಅಂಟದಂತೆ ಪಾಲಿವಿನೈಲ್ ಆಲ್ಕೋಹಾಲ್ ಕರಗಿಸಿದ ಬಿಸಿನೀರಲ್ಲಿ, ಸುಮಾರು 80 ಡಿಗ್ರಿಯಲ್ಲಿ, ಗಂಟೆಗಟ್ಟಲೆ ತಿರುಗಿಸುತ್ತಲೇ ಇರಬೇಕು. ಒಂದು ಸಲ ನಡುವೆ ಕರೆಂಟ್ ಹೋಯಿತು, ಸ್ಟಿರರ್ ನಿಂತಿತು. ಮಣಿಯ ಬದಲು ಮುದ್ದೆ ಸಿಕ್ಕಿತು, ಫ್ಲಾಸ್ಕ್ ಒಡೆದೇ ತೆಗೆದೆ.

ಪರೀಕ್ಷೆ ಮಾಡುವುದು ಟೀ ಬ್ಯಾಗಿನಲ್ಲಿ. ಒಂದು ಗ್ರಾಂ ಒಣ ಮಣಿ ತುಂಬಿ ಟಾಲ್ಯೂಯಿನ್‌ನಲ್ಲಿ (ಥಿನ್ನರ್‌ಗೆ ಬಳಸುವ ಒಂದು ದ್ರಾವಕ) ಮುಳುಗಿಸಿಡಿ, ಮರುದಿನ ನೆನೆದ ಸಾಬಕ್ಕಿ ಥರ ಉಬ್ಬಿ ಹೊಳೆಯುತ್ತಿರುತ್ತದೆ. ತೆಗೆದು ನೇತುಹಾಕಿ, ತೊಟ್ಟಿಕ್ಕುವುದು ನಿಂತ ಮೇಲೆ ತೂಗಿ, ಒದ್ದೆಯಾದ ಖಾಲಿ ಬ್ಯಾಗಿನ ತೂಕವನ್ನೂ ಒಣ ಮಣಿಯ ಒಂದು ಗ್ರಾಂ ಅನ್ನೂ ಕಳೆಯಬೇಕು. ಅವಸರ ಮಾಡಿ ಬೇಗ ತೂಗಿದರೆ ಅಂಕಿ ಸುಮ್ನೆ ಏರುತ್ತದೆ. ಮೊದಲೇ ಎಥನಾಲ್‌ನಲ್ಲಿ ತೊಳೆದು, ಉಳಿದ ಮಾನೊಮರ್ ತೆಗೆದು ಒಣಗಿಸದಿದ್ದರೆ ಆ 'ಒಂದು ಗ್ರಾಂ' ಅನ್ನುವುದೇ ಸುಳ್ಳು.

ಇನ್ನೊಂದು ಕಿತಾಪತಿ ಇದೆ. ಒಂದು ಗ್ರಾಂ ಮಣಿ 10 ಮಿ.ಲೀ. ಟಾಲ್ಯೂಯಿನ್ ಹೀರಿದರೆ ಅದು 8.7 ಗ್ರಾಂ. ಅದೇ 10 ಮಿ.ಲೀ. ಕ್ಲೋರೋಫಾರ್ಮ್ ಆದರೆ ಹೆಚ್ಚುಕಮ್ಮಿ 15 ಗ್ರಾಂ, ಯಾಕೆಂದರೆ ಅದು ಭಾರದ ದ್ರಾವಕ. ಮಣಿಯೊಳಗೆ ಹಿಡಿದ ಜಾಗ ಅಷ್ಟೇ, ಬರೆದುಕೊಳ್ಳುವಾಗ ಮಾತ್ರ 15 ಪಟ್ಟು! ಮೆಥನಾಲ್‌ನಲ್ಲಿ ಹಾಕಿದ್ದರೆ ಅದು ಉಬ್ಬುವುದೇ ಕಷ್ಟ.

ಹಾಗಂತ ಮಣಿ ಕೆಟ್ಟದ್ದು ಅಂತಲ್ಲ. ಮರದ ಹೊಟ್ಟು ಹೀರಿದ್ದನ್ನು ಹಿಂಡಿದರೆ ವಾಪಸ್ ಬಿಡುತ್ತದೆ, ನೀರನ್ನೂ ಕುಡಿಯುತ್ತದೆ. ಮಣಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆದರೆ ಥಿನ್ನರ್ ಕುಡಿದ ಮಣಿಗೂ ಬೆಂಕಿ ಹತ್ತುತ್ತದೆ, ಅದನ್ನು ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ ಅಪಾಯಕಾರಿ ತ್ಯಾಜ್ಯ ಅಂತಲೇ ಸಾಗಿಸಬೇಕು. ಪೇಂಟ್ ಕೆಲಸದವರು, ಗ್ಯಾರೇಜಿನವರು ನಿಮ್ಮ ಬರಹ ಓದಿರುತ್ತಾರೆ ಅಲ್ವಾ, ಅವರಿಗಾಗಿ ಈ ಒಂದು ಸಾಲನ್ನಾದರೂ ಹಾಕಿ.

– ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕ, ದಾವಣಗೆರೆ